ಲಗ್ನಪತ್ರಿಕೆಯ ಬಾಲ



೨೦೨೫ರ ಫೆಬ್ರುವರಿಯ ಒಂದು ರಾತ್ರಿ ನಿಮ್ಮಲ್ಲಿ ಅರವತ್ತಕ್ಕೂ ಹೆಚ್ಚು ಮಂದಿಗೆ ನನ್ನ ಮೊಬೈಲ್ ಸಂಖ್ಯೆಯಿಂದ ಒಂದು ಮದುವೆಯ ಆಮಂತ್ರಣ ಬಂದಿತು. ಅದನ್ನು ಕಳುಹಿಸಿದವನು ನಾನಲ್ಲ. ಹಲವರಿಗೆ ಫೋನಿನಲ್ಲಿ ವಿಷಯವನ್ನು ಅರ್ಧಂಬರ್ಧ ಹೇಳಿದ್ದೇನೆ. ಪೂರ್ತಿಯಾಗಿ ಬರೆದು ತಿಳಿಸುವುದು ಬಾಕಿಯಿತ್ತು. ಇಷ್ಟು ತಡವಾದದ್ದಕ್ಕೆ ಕಾರಣ ನಾಚಿಕೆ ಎಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ.

ಆ ನಾಚಿಕೆಯ ಬೇರು ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿದೆ. ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ವಿಂಡೋಸ್ ಎಕ್ಸ್‌ಪಿ ಹಾಕಿದ್ದ ಹತ್ತು ಯಂತ್ರಗಳು, ಅವುಗಳ ಮೇಲೆ ಧೂಳು ಬೀಳದಂತೆ ಹೊದಿಸಿದ ಹಳೆಯ ಸೀರೆಯ ತುಂಡುಗಳು, ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಗಣಿತ ಬಂದವನಿಗೆ ಕಂಪ್ಯೂಟರೂ ಬಂದೀತು ಎಂಬ ತರ್ಕದಿಂದ ಮುಖ್ಯೋಪಾಧ್ಯಾಯರು ಆ ಕೊಠಡಿಯನ್ನು ನನ್ನ ಕೊರಳಿಗೆ ಕಟ್ಟಿದ್ದರು. ನಾನು ರಾತ್ರಿ ಓದಿದ್ದನ್ನು ಬೆಳಿಗ್ಗೆ ನಿಮಗೆ ಹೇಳುತ್ತಿದ್ದೆ. ಹಾಗೆಂದು ನಿಮಗೆ ಆಗ ಹೇಳಿರಲಿಲ್ಲ, ಅಷ್ಟೆ.

ಪೆನ್‌ಡ್ರೈವ್ ಬಂದ ಮೇಲೆ ನಮ್ಮ ಕೊಠಡಿಗೆ ಪಿಡುಗು ಹತ್ತಿತು. ಪಟ್ಟಣದ ಸೈಬರ್ ಸೆಂಟರಿನಿಂದ ಯಾರಾದರೊಬ್ಬರು ಪೆನ್‌ಡ್ರೈವ್ ತಂದು ಚುಚ್ಚಿದರೆ ಸಾಕು, ಪ್ರತಿ ಯಂತ್ರದಲ್ಲೂ ‘ನ್ಯೂ ಫೋಲ್ಡರ್’ ಎಂಬ ಹಳದಿ ಬಣ್ಣದ ಹೊಸ ಫೋಲ್ಡರು ಕಾಣಿಸಿಕೊಳ್ಳುತ್ತಿತ್ತು. ನೋಡಲು ಫೋಲ್ಡರು, ಒಳಗೆ ವೈರಸ್ಸು. ಅದರ ಪೂರ್ಣ ಹೆಸರಿನ ಕೊನೆಯಲ್ಲಿ ‘.ಇಎಕ್ಸ್ಇ’ ಎಂದಿರುತ್ತಿತ್ತು, ಆದರೆ ವಿಂಡೋಸ್ ತನಗೆ ಪರಿಚಿತವಾದ ಫೈಲುಗಳ ಹೆಸರಿನ ಕೊನೆಯ ಭಾಗವನ್ನು ಮರೆಮಾಡಿ ತೋರಿಸುತ್ತಿತ್ತು. ಬಳಸುವವರಿಗೆ ತೊಡಕಾಗದಿರಲೆಂದು ಮಾಡಿದ ಆ ಉಪಕಾರವೇ ಕಳ್ಳನಿಗೆ ಮುಸುಕಾಯಿತು. ನಾನು ಆ ಮುಸುಕನ್ನು ತೆಗೆಯುವ ವಿಧಾನವನ್ನು ಕಲಿಸಿ, ಕಪ್ಪುಹಲಗೆಯ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಬರೆದೆ: ‘ಹೆಸರು ನೋಡಬೇಡಿ, ಬಾಲ ನೋಡಿ.’ ಆ ಬರಹವನ್ನು ತಿಂಗಳುಗಟ್ಟಲೆ ಯಾರೂ ಅಳಿಸಲಿಲ್ಲ. ಕೆಲವರು ನನಗೆ ಅದನ್ನೇ ಅಡ್ಡಹೆಸರಾಗಿ ಇಟ್ಟಿದ್ದಿರಿ ಎಂಬುದೂ ನನಗೆ ಗೊತ್ತಿತ್ತು.

ಆ ಪಿಡುಗಿನ ದೆಸೆಯಿಂದಲೇ ನಾನು ಲಿನಕ್ಸ್ ಪಕ್ಷಪಾತಿಯಾದೆ. ೨೦೦೪ರಲ್ಲಿ ಆರಂಭವಾದ ಉಬುಂಟುವಿನವರು ಆಗೆಲ್ಲ ಕೇಳಿದವರಿಗೆ ಸಿ.ಡಿ.ಯನ್ನು ಉಚಿತವಾಗಿ ಅಂಚೆಯಲ್ಲಿ ಕಳುಹಿಸುತ್ತಿದ್ದರು. ೨೦೧೧ರಲ್ಲಿ ಆ ಪದ್ಧತಿ ನಿಂತಿತು. ವಿದೇಶದ ಲಕೋಟೆಯನ್ನು ಕಂಡ ನಮ್ಮ ಅಂಚೆಯಣ್ಣ, ‘ದುಡ್ಡು ಎಷ್ಟು ಕಟ್ಟಿದ್ರಿ ಮೇಷ್ಟ್ರೇ?’ ಎಂದು ಕೇಳಿ, ಏನೂ ಇಲ್ಲವೆಂದಾಗ ನಂಬದೆ ಹೋದ. ಲಿನಕ್ಸಿಗೆ ವೈರಸ್ಸೇ ಬಾರದು ಎಂದು ಭಜನೆ ಮಾಡುವವರ ಗುಂಪಿಗೆ ನಾನು ಸೇರಿದವನಲ್ಲ. ನನಗೆ ಹಿಡಿಸಿದ್ದು ಬೇರೆಯೇ ಒಂದು ಗುಣ. ನಮ್ಮ ಅಜ್ಜಿ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಮನೆಯಲ್ಲಿ ಎಲ್ಲರೂ ಉಣ್ಣಬಹುದು, ಓಡಾಡಬಹುದು. ಉಗ್ರಾಣಕ್ಕೆ ಮಾತ್ರ ಅವಳನ್ನೇ ಕೇಳಬೇಕು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಪರಂಪರೆಯ ಯಂತ್ರಗಳಲ್ಲಿ ಯಜಮಾನನ ಖಾತೆ ಬೇರೆ, ನಿತ್ಯ ಬಳಸುವವನ ಖಾತೆ ಬೇರೆ. ಎಕ್ಸ್‌ಪಿ ಇದ್ದ ಬಹುಪಾಲು ಮನೆಗಳಲ್ಲಿ ತೊಟ್ಟಿಲ ಕೂಸಿನ ಕೈಗೂ ಉಗ್ರಾಣದ ಬೀಗದ ಕೈ ಕೊಟ್ಟಂತಿತ್ತು. ೨೦೦೭ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾ ಈ ತಪ್ಪನ್ನು ತಿದ್ದಹೊರಟು ಇನ್ನೊಂದು ತುದಿಗೆ ಹೋಯಿತು. ಸೂಜಿ ಎತ್ತಿದರೂ ‘ಅನುಮತಿ ಇದೆಯೇ?’ ಎಂದು ಕೇಳಿ, ಜನರಿಗೆ ಓದದೆಯೇ ‘ಹೌದು’ ಒತ್ತುವ ಅಭ್ಯಾಸ ಹಿಡಿಸಿತು.

ಈ ಅಭಿಪ್ರಾಯಗಳನ್ನೆಲ್ಲ ಮದುವೆಮನೆಗಳ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಪಿಂಚಣಿದಾರರ ಸಭೆಯಲ್ಲಿ ಕೇಳಿದವರಿಗೂ ಕೇಳದವರಿಗೂ ಹಂಚಿದವನು ನಾನು. ಈಗ ಆ ಸಂಜೆಯ ಸಂಗತಿಗೆ ಬರುತ್ತೇನೆ.

ಸಂದೇಶ ಬಂದದ್ದು ನನ್ನ ಅಚ್ಚುಮೆಚ್ಚಿನ ವಿದ್ಯಾರ್ಥಿನಿಯೊಬ್ಬಳ ಸಂಖ್ಯೆಯಿಂದ. ‘ನಮ್ಮ ಮನೆಯ ಮದುವೆಗೆ ತಪ್ಪದೇ ಬನ್ನಿ’ ಎಂಬ ಒಕ್ಕಣೆ, ಕೆಳಗೊಂದು ಫೈಲು. ಒತ್ತಿದೆ. ಈ ಮೂಲದಿಂದ ಬಂದದ್ದು ಹಾನಿಕರವಾಗಿರಬಹುದು, ಅನುಮತಿಸುವಿರಾ ಎಂದು ಫೋನು ಕೇಳಿತು. ಅನುಮತಿಸಿದೆ. ಸಂದೇಶಗಳನ್ನು ಓದಲು ಬಿಡುವಿರಾ ಎಂದಿತು. ಬಿಟ್ಟೆ. ಚಿತ್ರಗಳನ್ನು ನೋಡಲು ಬಿಡುವಿರಾ ಎಂದಿತು. ಅದಕ್ಕೂ ಹೂಂಗುಟ್ಟಿದೆ. ಇಷ್ಟಾದರೂ ಆಮಂತ್ರಣ ತೆರೆಯಲಿಲ್ಲ. ಫೈಲು ಕೆಟ್ಟಿರಬೇಕೆಂದುಕೊಂಡು ಊಟ ಮಾಡಿ ಮಲಗಿದೆ. ಅದರ ಬಾಲದಲ್ಲಿ ‘.ಎಪಿಕೆ’ ಎಂಬ ಮೂರಕ್ಷರ ಸ್ಪಷ್ಟವಾಗಿಯೇ ಇತ್ತು. ಈ ಸಲ ಯಾರೂ ಅದನ್ನು ಮರೆಮಾಡಿರಲಿಲ್ಲ.

ಬೆಳಿಗ್ಗೆ ಶುಭಾಶಯ ಹೇಳಲು ಅವಳಿಗೆ ಫೋನು ಮಾಡಿದೆ.

‘ಏನಮ್ಮಾ, ಮನೆಯಲ್ಲಿ ಯಾರದು ಮದುವೆ?’

ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವಳು, ‘ಅಯ್ಯೋ ಸಾರ್, ನೀವೂ ತೆಗೆದುಬಿಟ್ರಾ? ನನ್ನ ಮಗಳಿಗಿನ್ನೂ ಹನ್ನೊಂದು ವರ್ಷ ಸಾರ್’ ಎಂದು ಅಳತೊಡಗಿದಳು.

ಅಷ್ಟರಲ್ಲಿ ನನ್ನ ಖಾತೆಯಿಂದ ನಲವತ್ತೆಂಟು ಸಾವಿರ ರೂಪಾಯಿ ಹೋಗಿತ್ತು. ಅದು ಕೊಬ್ಬರಿಯ ಹಣ. ತಿಪಟೂರು ಸೀಮೆಯವರಿಗೆ ವಿವರಿಸಬೇಕಾಗಿಲ್ಲ: ತೆಂಗಿನಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಕೂತು, ಒಳಗಿನ ನೀರು ತಾನಾಗಿ ಇಂಗಿ, ಅಲುಗಿಸಿದರೆ ಗುಡುಗುಡು ಎಂದ ಮೇಲೆ ಕೊಬ್ಬರಿ. ಅಷ್ಟು ನಿಧಾನವಾಗಿ ಬಂದದ್ದು ಒಂದು ನಿದ್ದೆಯೊಳಗೆ ಹೋಯಿತು. ಸಂದೇಶ ಓದುವ ಅನುಮತಿಯಿಂದ ಬ್ಯಾಂಕಿನ ಒಟಿಪಿಗಳು ಕಳ್ಳನಿಗೆ ಸಿಕ್ಕಿದವು. ಇನ್ನು ಚಿತ್ರಗಳು. ಡೆಬಿಟ್ ಕಾರ್ಡು ಕಳೆದುಹೋದರೆ ಸಂಖ್ಯೆ ಬೇಕಾದೀತೆಂದು ಅದರ ಎರಡೂ ಮುಖಗಳ ಫೋಟೋ ತೆಗೆದು ಫೋನಿನಲ್ಲೇ ಇಟ್ಟುಕೊಂಡಿದ್ದ ಜಾಣ ನಾನು.

೧೯೩೦ ಎಂಬ ಸಹಾಯವಾಣಿಗೆ ಫೋನು ಮಾಡಬೇಕೆಂಬುದು ನೆನಪಾಗುವಾಗ ಮಧ್ಯಾಹ್ನವಾಗಿತ್ತು. ದೂರು ಬರೆದುಕೊಂಡರು, ಹಣ ಅಷ್ಟರಲ್ಲಿ ಕೈಯಿಂದ ಕೈಗೆ ದಾಟಿಯಾಗಿತ್ತು. ಬ್ಯಾಂಕಿನವರು ರಿಸರ್ವ್ ಬ್ಯಾಂಕಿನ ೨೦೧೭ರ ಜುಲೈ ತಿಂಗಳ ಸುತ್ತೋಲೆಯನ್ನು ಮುಂದಿಟ್ಟರು: ಗ್ರಾಹಕನ ಅಲಕ್ಷ್ಯದಿಂದ ನಷ್ಟವಾದಲ್ಲಿ, ಆತ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಆತನದೇ. ‘ಅಲಕ್ಷ್ಯ’ ಎಂಬ ಪದದ ಕೆಳಗೆ ಅವರು ಪೆನ್ಸಿಲಿನಲ್ಲಿ ಗೆರೆ ಎಳೆದರು. ಮೂವತ್ತೈದು ವರ್ಷ ಇತರರ ಉತ್ತರಪತ್ರಿಕೆಗಳಲ್ಲಿ ಗೆರೆ ಎಳೆದವನಿಗೆ ಆ ಗೆರೆ ಚೆನ್ನಾಗಿ ಅರ್ಥವಾಯಿತು.

ಆದರೆ ಅದು ಅಲಕ್ಷ್ಯವೇ? ಈ ಬಗ್ಗೆ ನನಗೆ ತಕರಾರಿದೆ. ನಾನು ಆಗ ಅಲಕ್ಷಿಸಿದ್ದು ಯಂತ್ರವನ್ನು, ಲಕ್ಷ್ಯವಿಟ್ಟಿದ್ದು ಅವಳ ಮೇಲೆ. ನಮ್ಮಲ್ಲಿ ಅದಕ್ಕೆ ದಾಕ್ಷಿಣ್ಯ ಎನ್ನುತ್ತೇವೆ. ಕರೆಯೋಲೆ ಹಿಡಿದು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳುವವರುಂಟೆ? ಹಳೆಯ ಕಾಲದಲ್ಲಿ ಲಗ್ನಪತ್ರಿಕೆ ತೆರೆಯುವುದು ಒಂದು ಕೆಲಸ, ಮನೆಗೆ ಆಳನ್ನು ಸೇರಿಸಿಕೊಳ್ಳುವುದು ಬೇರೆಯದೇ ಕೆಲಸವಾಗಿತ್ತು. ಎರಡನ್ನೂ ಯಾರೂ ಗೊಂದಲ ಮಾಡಿಕೊಳ್ಳುತ್ತಿರಲಿಲ್ಲ. ಫೋನಿನಲ್ಲಿ ಎರಡಕ್ಕೂ ಅದೇ ಬೆರಳು, ಅದೇ ಒತ್ತು. ‘ಇದು ಕಾಗದವಲ್ಲ, ಇದು ನಿಮ್ಮ ಮನೆಯಲ್ಲಿ ನೆಲೆಸಿ ಕೆಲಸ ಮಾಡುವ ಆಳು’ ಎಂದು ಅದು ನೇರವಾಗಿ ಹೇಳಿದ್ದರೆ ನನ್ನಂಥವನೂ ಬೆಚ್ಚುತ್ತಿದ್ದ. ಆಂಡ್ರಾಯ್ಡ್ ಲಿನಕ್ಸಿನ ತಿರುಳಿನ ಮೇಲೆಯೇ ಕಟ್ಟಿದ್ದು. ಪ್ರತಿ ಆ್ಯಪ್‌ಗೂ ಅಲ್ಲಿ ಪ್ರತ್ಯೇಕ ಕೋಣೆಯಿದೆ, ಬೀಗವಿದೆ. ನಾನು ಇಪ್ಪತ್ತು ವರ್ಷ ಹೊಗಳಿದ ವ್ಯವಸ್ಥೆ ತನ್ನ ಕೆಲಸವನ್ನು ಮಾಡಿತು. ಮೂರು ಸಲ ಅಜ್ಜಿಯನ್ನು ಕೇಳಿತು. ಅಜ್ಜಿ ಮೂರು ಸಲವೂ ಬೀಗದ ಕೈ ಕೊಟ್ಟಳು.

ಬಳಕೆದಾರನಿಗೆ ತಿಳಿವಳಿಕೆ ಸಾಲದು ಎಂದು ತಜ್ಞರು ಹೇಳಿದಾಗಲೆಲ್ಲ ನನಗೆ ಸಂಕೇತಪದಗಳ ನೆನಪಾಗುತ್ತದೆ. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದು ವರ್ಷಗಟ್ಟಲೆ ಕಾಡಿದರು. ನಾವೂ ಕೊನೆಯ ಅಂಕಿಯನ್ನು ಒಂದರಿಂದ ಎರಡು, ಎರಡರಿಂದ ಮೂರು ಮಾಡುತ್ತ ಬಂದೆವು. ೨೦೧೭ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯೇ, ಸೋರಿಕೆಯ ಸುಳಿವಿಲ್ಲದೆ ಹಾಗೆ ಆಗಾಗ ಬದಲಿಸುವಂತೆ ಒತ್ತಾಯಿಸಬಾರದೆಂದು ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ತಿಳಿವಳಿಕೆ ಇಬ್ಬರಿಗೂ ಬೇಕು.

ನಿಜವಾಗಿ ನನ್ನನ್ನು ಕಾಡುವುದು ಹಣವಲ್ಲ. ಆ ವಿದ್ಯಾರ್ಥಿನಿಗೆ ಎರಡು ದಿನ ಮೊದಲೇ ತನ್ನ ಸೋದರತ್ತೆಯ ಹೆಸರಿನಲ್ಲಿ ಇಂಥದೇ ಆಮಂತ್ರಣ ಬಂದಿತ್ತಂತೆ. ಒಂಬತ್ತು ಸಾವಿರ ಕಳೆದುಕೊಂಡಿದ್ದಳು. ಗಂಡನಿಗೆ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ‘ನಿಮ್ಮ ಕೈಯಲ್ಲಿ ಕಲಿತವಳು ಸಾರ್, ಹೇಗೆ ಹೇಳಲಿ?’ ಎಂದಳು. ನನ್ನ ಹಣವನ್ನು ತಾನು ತಿಂಗಳು ತಿಂಗಳು ತೀರಿಸುವೆನೆಂದಳು. ಗದರಿಸಿ ಫೋನಿಟ್ಟೆ. ಇಟ್ಟ ಮೇಲೆ ನಾನು ಮಾಡಿದ್ದೇನು? ಮಗನಿಗೆ ಹೇಳಲಿಲ್ಲ. ನನ್ನ ಸಂಖ್ಯೆಯಿಂದ ಅರವತ್ತು ಮಂದಿಗೆ ಆಮಂತ್ರಣ ಹೋಗಿದೆಯೆಂದು ಸಂಜೆ ತಿಳಿದ ಮೇಲೂ, ಎಲ್ಲರಿಗೂ ಒಂದು ಸಾಲು ಬರೆಯುವ ಬದಲು, ಯಾರೂ ತೆರೆದಿರಲಾರರೆಂದು ನನಗೆ ನಾನೇ ಹೇಳಿಕೊಳ್ಳುತ್ತ ಕೂತೆ. ಮರುದಿನ ಬೆಳಿಗ್ಗೆ ನಮ್ಮವಳು ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ, ‘ಮಕ್ಕಳಿಗಿಂತ ಮರ್ಯಾದೆ ದೊಡ್ಡದಾಯ್ತಾ ನಿಮಗೆ?’ ಎಂದ ಮೇಲೆಯೇ ಒಬ್ಬೊಬ್ಬರಿಗೂ ಫೋನು ಮಾಡಲು ಕೂತದ್ದು. ಅಷ್ಟರಲ್ಲಿ ಇಬ್ಬರು ತೆರೆದಿದ್ದರು. ಒಬ್ಬರ ಖಾತೆಯಲ್ಲಿ ಹಣವಿರಲಿಲ್ಲ. ಇನ್ನೊಬ್ಬರು ನನ್ನ ಜೊತೆಯಲ್ಲೇ ನಿವೃತ್ತರಾದ ವ್ಯಾಯಾಮ ಶಿಕ್ಷಕರು. ಅವರ ನಷ್ಟವನ್ನು ತುಂಬಿಕೊಡಲು ಹೋದಾಗ ಅವರು ಮಾತಾಡದೆ ಲಕೋಟೆಯನ್ನು ನನ್ನ ಜೇಬಿಗೇ ಮರಳಿ ಇಟ್ಟರು.

ಅಂದಿನಿಂದ ಬಾಲ ನೋಡದೆ ಯಾವುದನ್ನೂ ಒತ್ತುವುದಿಲ್ಲ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಾಗ ಪಕ್ಕದ ಮನೆಯವರ ಯಂತ್ರಕ್ಕೆ ಉಬುಂಟು ಹಾಕಿಕೊಟ್ಟೆ. ಭಾಷಣ ಮಾತ್ರ ಮಾಡಲಿಲ್ಲ. ಫೋನಿಗೆ ಬಂದ ಲಗ್ನಪತ್ರಿಕೆಗಳನ್ನಂತೂ ತೆರೆಯದೆಯೇ ಅಳಿಸುತ್ತಿದ್ದೆ.

ಆ ವರ್ಷದ ಕಾರ್ತಿಕದಲ್ಲಿ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ಹೊಸ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ. ಹುಡುಗನೆಂದರೆ ಮೂವತ್ತೈದು ದಾಟಿದವನು. ಬಹಳ ತಡವಾಗಿ, ಬಹಳ ಹುಡುಕಿ ಕೂಡಿಬಂದ ಮದುವೆ. ಇಬ್ಬರೂ ಕಾಲಿಗೆರಗಿದರು. ಲಾಡಿನ ಡಬ್ಬಿಯನ್ನು ಕೈಗಿಟ್ಟು, ತಲೆಯೆತ್ತದೆ ಹೇಳಿದ: ‘ಮುಂದಿನ ಸಾಲಿನಲ್ಲಿ ನಿಮಗೆ ಕುರ್ಚಿ ಹಾಕಿಸಿದ್ದೆ ಸಾರ್. ಪತ್ರಿಕೆ ಮೂರು ಸಲ ಕಳಿಸಿದ್ದೆ.’