ಯಂತ್ರದ ಉಸಿರು

ಮುಂಬಯಿಯ ಚಾಳಿನ ಒಂದೇ ಕೋಣೆಯ ಮನೆಯಲ್ಲಿ ಲ್ಯಾಪ್‌ಟಾಪಿಗೆ ಬೇರೆ ಮೇಜು ಎಲ್ಲಿಂದ ಬರಬೇಕು? ಅಕ್ಕನ ಓದಿಗೆಂದು ತಂದೆಯವರು ಕಂತಿನ ಮೇಲೆ ಕೊಂಡುತಂದಿದ್ದ ಆ ಯಂತ್ರವನ್ನು, ಅವಳು ಹೊರಗೆ ಹೋದೊಡನೆ ನಾವಿಬ್ಬರು ತಮ್ಮಂದಿರು ಹಾಸಿಗೆಯ ಮೇಲಿಟ್ಟುಕೊಂಡು ಕಾರಿನ ಪಂದ್ಯವಾಡುತ್ತಿದ್ದೆವು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅದರ ಫ್ಯಾನು ಹೋಯೆಂದು ಕೂಗತೊಡಗಿತು. ಕೀಲಿಗಳು ಬೆರಳಿಗೆ ಬಿಸಿ ಮುಟ್ಟಿಸಿದವು. ನಮ್ಮ ಕಾರು ಎತ್ತಿನ ಗಾಡಿಯಂತೆ ತೆವಳಿತು. ಆದರೂ ನಾವು ಬಿಡಲಿಲ್ಲ. ಕಡೆಗೆ ಪರದೆ ಕಪ್ಪಾಯಿತು.

ಮರುದಿನವೇ ಅಕ್ಕ ಒಪ್ಪಿಸಬೇಕಾಗಿದ್ದ ಪ್ರಬಂಧವು ಅದರೊಳಗಿತ್ತು! ಯಂತ್ರ ಕಾದಿತ್ತು, ನಮ್ಮ ಕೈಕಾಲುಗಳು ತಣ್ಣಗಾದವು.

ಸಂಜೆ ಬಂದ ಅಕ್ಕ ಗದರಲಿಲ್ಲ. ಯಂತ್ರವನ್ನು ಮಗುಚಿ ತೋರಿಸಿದಳು. ಗಾಳಿಯನ್ನು ಒಳಗೆಳೆಯುವ ಕಿಂಡಿಗಳು ಅದರ ತಳದಲ್ಲಿದ್ದವು. ಅವನ್ನು ಹಾಸಿಗೆಯೂ ಧೂಳೂ ಮುಚ್ಚಿದ್ದವು. ಆಟದ ಭಾರವನ್ನು ಹೊತ್ತ ಪ್ರೊಸೆಸರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದಂತೆ; ಆಗಲೂ ಬಿಸಿ ಇಳಿಯದಿದ್ದರೆ, ಸುಟ್ಟುಹೋಗದಿರಲೆಂದು ಯಂತ್ರವೇ ಆರಿಹೋಗುವುದಂತೆ.

“ಅದು ಮೊದಲೇ ಹೇಳಿತ್ತು ಕಣ್ರೋ, ನೀವು ಕೇಳಲಿಲ್ಲ” ಎಂದಳು.

ಯಂತ್ರವು ಆರಿದ ಮೇಲೆ ಚಿತ್ರ ಬಿಡಿಸುವ ಕುಂಚದಿಂದ ಕಿಂಡಿಗಳ ಧೂಳನ್ನು ತೆಗೆದು, ಊಟದ ಮಣೆಯ ಮೇಲಿಟ್ಟು, ಹಿಂದುಗಡೆಗೆ ಎರಡು ರಬ್ಬರುಗಳನ್ನು ಒತ್ತುಕೊಟ್ಟೆವು. ಗುಂಡಿ ಒತ್ತಿದಾಗ ಪರದೆ ಬೆಳಗಿತು, ಪ್ರಬಂಧವು ಕ್ಷೇಮವಾಗಿತ್ತು.

ಈಗ ನಮ್ಮ ಆಟ ನಡೆಯುವುದು ಆ ಮಣೆಯ ಮೇಲೆಯೇ. ಚಿತ್ರದ ಬೆಡಗನ್ನು ಕಡಿಮೆ ಮಾಡಿದ್ದೇವೆ. ಅರ್ಧ ಗಂಟೆಗೊಮ್ಮೆ ಯಂತ್ರಕ್ಕೆ ಬಿಡುವು ಕೊಡುತ್ತೇವೆ. ಫ್ಯಾನು ಕೂಗಿದರೆ ಏಳುತ್ತೇವೆ.

ಮುಂದಿನ ಕಂತು ಕಟ್ಟಲು ಹೊರಟ ತಂದೆಯವರಿಗೆ ನಡೆದುದೆಲ್ಲವನ್ನೂ ನಾವೇ ಹೇಳಿದೆವು.