ಚಿಕ್ಕಪ್ಪನ ಪ್ರಶ್ನೆ

ಶಿರಸಿಯಿಂದ ಚಿಕ್ಕಪ್ಪ ಫೋನಿನಲ್ಲಿ ಕೇಳಿದರು: “ಆ ಗಾಡ್ಗೀಳ್ ನಿಮ್ಮ ಪುಣೆಯವರಂತಲ್ಲೋ? ಅವರ ವರದಿ ಜಾರಿಯಾದ್ರೆ ನಾವೆಲ್ಲ ತೋಟ ಬಿಟ್ಟು ಏಳಬೇಕಂತೆ, ಹೌದೇನೋ?”

“ಇರಬಹುದು” ಎಂದುಬಿಟ್ಟೆ. ವರದಿಯನ್ನು ನಾನು ಕಣ್ಣಿನಿಂದಲೂ ನೋಡಿರಲಿಲ್ಲ.

2014ರ ಜುಲೈ 30ರಂದು ನಮ್ಮ ಪುಣೆ ಜಿಲ್ಲೆಯ ಮಾಳೀಣ್ ಎಂಬ ಹಳ್ಳಿಯ ಮೇಲೆ ಗುಡ್ಡ ಜಾರಿತು. 150ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಟಿವಿಯಲ್ಲಿ ಮತ್ತೆ ಗಾಡ್ಗೀಳರ ಹೆಸರು. ಚಿಕ್ಕಪ್ಪನ ಮನೆಯ ಹಿಂದೆಯೂ ಗುಡ್ಡವಿದೆ. ಆಗ ವರದಿ ತೆರೆದೆ.

ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪಾಠ ಹೇಳಿದ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಬಿದಿರಿನ ಮೇಲೂ ಕೆಲಸ ಮಾಡಿದವರು. ಅವರ ಸಮಿತಿ 2011ರ ಆಗಸ್ಟಿನಲ್ಲಿ ಕೊಟ್ಟ ವರದಿಯನ್ನು ಸರ್ಕಾರ ಹೊರಗೆ ಬಿಟ್ಟದ್ದು 2012ರ ಮೇ ತಿಂಗಳಲ್ಲಿ. ಅದೂ ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ಗಾಳಿಮಾತು ಘಟ್ಟ ಹತ್ತಿ ಇಳಿದಿತ್ತು. ಒಳಗೆ ಎಲ್ಲಿಯೂ ಜನರನ್ನು ಎಬ್ಬಿಸುವ ಮಾತಿರಲಿಲ್ಲ. ಯಾವ ವಲಯದಲ್ಲಿ ಏನು ನಡೆಯಬಹುದು ಎಂಬ ಸಲಹೆಗಳಿದ್ದವು. ಅವನ್ನು ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಿ ಎಂದಿತ್ತು.

ಎರಡು ಪುಟ ಕನ್ನಡಕ್ಕೆ ಇಳಿಸಿ ಕಳಿಸಿದೆ. ಚಿಕ್ಕಪ್ಪ ಮೊದಲ ಸಾಲಿಗೇ ನಿಂತರು. “‘ಪರಿಸರ ಸೂಕ್ಷ್ಮ ವಲಯ’ ಅಂದ್ರೆ ನಾವು ಮುಟ್ಟಬಾರದು ಅಂತಲೇನೋ?”

“ಅಲ್ಲ ಚಿಕ್ಕಪ್ಪ. ಕಡಿದಾದ ಗುಡ್ಡದಲ್ಲಿ ಮರ ಕಡಿದು ಬುಡ ಅಗೆದರೆ ಮಳೆಗಾಲದಲ್ಲಿ ಜಾರತ್ತೆ. ಅಂಥ ಜಾಗದಲ್ಲಿ ಜೋಪಾನ ಅಂತ.”

“ಅಷ್ಟೇನಾ! ಅದು ನಮ್ಮಪ್ಪನೂ ಹೇಳ್ತಿದ್ದ. ಹೀಗೇ ಬರೆಯೋದಲ್ವೇನೋ?”

ಎರಡು ಪುಟವನ್ನೂ ಮತ್ತೆ ಬರೆದೆ.