ಕಾವಲಿಗೆ ಎಂಟಾಣೆ

ಆ ಕಾಲದಲ್ಲಿ ಕಳ್ಳತನವೇ ಇರಲಿಲ್ಲ, ಮನೆಗೆ ಬೀಗವನ್ನೇ ಹಾಕುತ್ತಿರಲಿಲ್ಲ ಎಂದು ನನ್ನ ಓರಗೆಯವರು ಯಾರಾದರೂ ಹೇಳಿದರೆ ನಂಬಬೇಡಿ. ಕಳ್ಳರೂ ಇದ್ದರು, ಅಲಿಗಢದ ಬೀಗಗಳೂ ಇದ್ದವು. 1966ರ ಶ್ರಾವಣದಲ್ಲಿ ಬೆಂಗಳೂರು ಚಾಮರಾಜಪೇಟೆಯ ನಮ್ಮ ವಠಾರದ ಬಚ್ಚಲಿಂದ ತಾಮ್ರದ ಹಂಡೆಯೇ ರಾತ್ರೋರಾತ್ರಿ ಹೋಯಿತು. ಒಲೆಗೆ ಮಣ್ಣು ಮೆತ್ತಿ ಕೂರಿಸಿದ್ದ ಹಂಡೆ. ಅದನ್ನು ಕಿತ್ತು, ನೀರು ಚೆಲ್ಲಿ, ಹಿತ್ತಲ ಗೋಡೆ ದಾಟಿಸುವ ತನಕ ಯಾರಿಗೂ ಎಚ್ಚರವಾಗಿರಲಿಲ್ಲ. "ಕಳ್ಳ ಗಟ್ಟಿಗ ಕಣೋ" ಅಂದರು ಅಪ್ಪ. ಅಷ್ಟಕ್ಕೇ ಅಮ್ಮ ಅವರ ಜೊತೆ ಮಾತು ಬಿಟ್ಟಳು.

ಹಂಡೆ ಸಿಕ್ಕಿತು. ಅದರ ಕಂಠದ ಮೇಲೆ ತಾತನ ಹೆಸರು ಕೆತ್ತಿಸಿತ್ತು. ಉಳಿ, ಪುಟ್ಟ ಸುತ್ತಿಗೆ ಹಿಡಿದು "ಪಾತ್ರೆಗೆ ಹೆಸರು ಹಾಕ್ತೀವಮ್ಮಾ" ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವರಿದ್ದರು. ಅಕ್ಷರಕ್ಕೆ 3 ಪೈಸೆ, ಒತ್ತಕ್ಷರ ಬಂದರೆ ಚೌಕಾಸಿ. ನಮ್ಮ ಭಾಗದ ದಫೇದಾರರು ಗುಜರಿ ಅಂಗಡಿಗಳನ್ನು ಸುತ್ತಿ, ಆ ಹೆಸರು ಓದಿ ಹಂಡೆಯನ್ನು ಗುರುತಿಸಿದರು. ಆದರೆ ಅದು ಮುದ್ದೆಮಾಲಾಗಿ ಕೋರ್ಟಿಗೆ ಹೋಗಿ, ಮರಳಿ ಬರುವಷ್ಟರಲ್ಲಿ ನಾನು ಮಿಡ್ಲ್‌ಸ್ಕೂಲು ಮುಗಿಸಿದ್ದೆ. ಅಲ್ಲಿಯವರೆಗೂ ಸೀಮೆಎಣ್ಣೆ ಡಬ್ಬದಲ್ಲಿ ನೀರು ಕಾಯಿಸಿಕೊಂಡೆವು. ಎಷ್ಟು ಉಜ್ಜಿದರೂ ಸ್ನಾನದ ನೀರಿನ ವಾಸನೆ ಹೋಗಲಿಲ್ಲ.

ವಠಾರ ಎಂದರೆ ಎಂಟು ಮನೆ, ಒಂದು ನಲ್ಲಿ, ಎರಡು ಕಕ್ಕಸು, ಬೀದಿಗೆ ಒಂದೇ ದಿಡ್ಡಿಬಾಗಿಲು. ನಡುಮನೆ, ಅಡುಗೆಮನೆ, ಮೇಲೊಂದು ಅಟ್ಟಕ್ಕೆ 28 ರೂಪಾಯಿ ಬಾಡಿಗೆ. ಮೊದಲನೇ ಮನೆಯ ಅಜ್ಜಿ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಅವರನ್ನು ದಾಟದೆ ಬೆಕ್ಕೂ ಒಳಗೆ ಹೋಗುವಂತಿರಲಿಲ್ಲ. "ಯಾರ ಮನೆಗಪ್ಪಾ? ಯಾವೂರಾಯ್ತು? ಯಾರ ಪೈಕಿ?" ಮೂರಕ್ಕೂ ಉತ್ತರ ಕೊಟ್ಟವರಿಗೆ ಮಾತ್ರ ದಾರಿ. ಯಾರಾದರೂ ಊರಿಗೆ ಹೊರಟರೆ ಬೀಗದ ಕೈ ಅಜ್ಜಿಯ ಸೊಂಟಕ್ಕೆ ಹೋಗುತ್ತಿತ್ತು. ಸಂಜೆ ಆ ಮನೆಯಲ್ಲೂ ದೀಪ ಹಚ್ಚಿ, ಬಾಗಿಲಿಗೆ ನೀರು ಹಾಕಿ, ಒಳಗೆ ಜನ ಇದ್ದಾರೆಂಬ ನಾಟಕವನ್ನು ಅವರು ಚೆನ್ನಾಗಿ ನಡೆಸುತ್ತಿದ್ದರು.

ಇದೇ ಅಜ್ಜಿ ನನ್ನ ಯೌವನಕ್ಕೆ ದೊಡ್ಡ ಪೀಡೆಯಾದರು. ಕಾಲೇಜಿನ ಸಹಪಾಠಿಯೊಬ್ಬಳು ನೋಟ್ಸ್ ಕೇಳಲು ಬಂದಿದ್ದಳು. ಅವಳು ಚಪ್ಪಲಿ ಬಿಡುವ ಮೊದಲೇ ರೇಷನ್ ಅಂಗಡಿಯ ಸಾಲಿನಲ್ಲಿದ್ದ ಅಮ್ಮನಿಗೆ ಸುದ್ದಿ ಮುಟ್ಟಿ, ಸಕ್ಕರೆ ಬಿಟ್ಟು ಅಮ್ಮ ಓಡಿ ಬಂದಳು. ಕಳ್ಳನನ್ನು ಕಾಯುವ ಕಣ್ಣು ಬೇರೆ, ನನ್ನನ್ನು ಕಾಯುವ ಕಣ್ಣು ಬೇರೆ ಆಗಿರಬೇಕೆಂದು ಆಗ ಬಯಸುತ್ತಿದ್ದೆ. ಹಾಗೆ ಇರಲು ಸಾಧ್ಯವಿರಲಿಲ್ಲ.

ದಿಡ್ಡಿಬಾಗಿಲ ಪಕ್ಕದ ಗೋಡೆಗೆ ತಗಡಿನ ಡಬ್ಬಿಯೊಂದನ್ನು ಹೊಡೆದಿತ್ತು. ಒಳಗೆ ಹುರಿ ಕಟ್ಟಿದ ಬೀಟ್ ಪುಸ್ತಕ, ತುದಿ ಮುರಿದ ಪೆನ್ಸಿಲು. ರಾತ್ರಿ ಗಸ್ತಿನ ಪೇದೆ ಬಂದು ವೇಳೆ ಬರೆದು ರುಜು ಹಾಕಬೇಕು. ಟಾರ್ಚಿನ ಬೆಳಕು, ಬೂಟಿನ ಸದ್ದು, ಬೀಡಿಯ ಘಾಟು ಬಂತೆಂದರೆ ಅಪ್ಪ ಮಗ್ಗುಲು ಬದಲಿಸಿ "ಹನ್ನೆರಡೂವರೆ" ಎನ್ನುತ್ತಿದ್ದರು. ಮಳೆ ಜೋರಾದ ರಾತ್ರಿ ಮೂರು ಹೊತ್ತಿನ ರುಜು ಒಂದೇ ಸಲಕ್ಕೆ ಬೀಳುತ್ತಿದ್ದುದೂ ಉಂಟು. ಅದನ್ನು ಮೊದಲು ಪತ್ತೆ ಹಚ್ಚಿದವರು ಅಜ್ಜಿಯೇ. ದಫೇದಾರರು ಕಾಫಿಗೆ ಬಂದಾಗ ಹೇಳಿಯೂ ಬಿಟ್ಟರು. ಊರಿಗೆ ಹೋದವರಾರು, ಹೊಸದಾಗಿ ಬಾಡಿಗೆಗೆ ಬಂದವರಾರು, ಸೈಕಲ್ ಕಳೆದುಕೊಂಡವರಾರು ಎಂಬುದೆಲ್ಲ ಆ ಒಂದು ಲೋಟ ಕಾಫಿಯಲ್ಲಿ ಠಾಣೆಗೆ ಹೋಗುತ್ತಿತ್ತು.

ಪೇದೆಯ ಮೇಲೊಬ್ಬ ಗೂರ್ಖ. ಅವನ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಅವನು ಬಹದ್ದೂರ್. ಮನೆಗೆ ತಿಂಗಳಿಗೆ 50 ಪೈಸೆ. ಪೈಸೆ ಬಂದು ಎಷ್ಟೋ ವರ್ಷವಾಗಿದ್ದರೂ ನಮ್ಮ ಬಾಯಲ್ಲಿ ಅದು ಎಂಟಾಣೆಯೇ. ಲಾಠಿಯಿಂದ ದೀಪದ ಕಂಬಕ್ಕೆ ಬಡಿದು ಉದ್ದಕ್ಕೆ ಸೀಟಿ ಊದುತ್ತಿದ್ದ. ತಾನು ಎಲ್ಲಿದ್ದೇನೆ ಎಂದು ಕಳ್ಳನಿಗೆ ತಿಳಿಸಿದಂತಾಗುವುದಿಲ್ಲವೇ ಎಂದು ನಾನು ತರ್ಕ ಎತ್ತಿದ್ದೆ. "ಕಳ್ಳ ಅವನಿದ್ದ ಕಡೆ ಬರಲ್ಲ, ಅಷ್ಟು ಸಾಕು. ಎಂಟಾಣೆಗೆ ಇನ್ನೇನು ಬೇಕು ನಿಂಗೆ?" ಎಂದರು ಅಪ್ಪ.

ತಾತನ ಹಳ್ಳಿಯಲ್ಲಿ ಈ ಕೆಲಸ ತಳವಾರನದು. ಊರಿಗೆ ಹೊಸಬರು ಕಾಲಿಟ್ಟರೆ ಪಟೇಲರಿಗೆ ಹೇಳಬೇಕು, ರಾತ್ರಿ ಊರು ಸುತ್ತಬೇಕು. ಸುಗ್ಗಿಯಲ್ಲಿ ಮನೆಮನೆಯಿಂದ ಆಯದ ರಾಗಿ ಬರುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾನೂನು 1963ರಲ್ಲಿ ಜಾರಿಗೆ ಬಂತು. ತಾತ ಅದನ್ನು ಕೊನೆಯವರೆಗೂ ಬೈದರು. ತಳವಾರನ ಮಗ ಮಾತ್ರ ಒಂದು ದಿನವೂ ಬೈದಿದ್ದನ್ನು ನಾನು ಕೇಳಲಿಲ್ಲ.

ನಾನು ಪಿಯುಸಿಯಲ್ಲಿದ್ದಾಗ, ಮೈಗೆಲ್ಲ ಎಣ್ಣೆ ಬಳಿದುಕೊಂಡು ಬರೀ ಚಡ್ಡಿಯಲ್ಲಿ ಬರುವ ಕಳ್ಳರ ಗುಲ್ಲೆದ್ದಿತು. ಹಿಡಿದರೆ ಜಾರುತ್ತಾರಂತೆ. ಬೀದಿಯ ಹುಡುಗರೆಲ್ಲ ಸರದಿಯ ಮೇಲೆ ಕಾವಲಿಗೆ ನಿಂತೆವು. ದಿನಕ್ಕೆ 5 ಪೈಸೆ ಬಾಡಿಗೆಗೆ ತಂದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದುತ್ತಿದ್ದ ನನಗೆ ನಾನೇ ಪತ್ತೇದಾರ ಪುರುಷೋತ್ತಮ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಆಯುಧ, ನನಗೆ ಸಿಕ್ಕಿದ್ದು ಅಮ್ಮನ ಒನಕೆ. ಎರಡು ಸೇರು ಹುರಿಗಡಲೆ ಖರ್ಚಾದ ಮೇಲೆ ಒಂದು ನೆರಳು ಗೋಡೆ ಬದಿಗೆ ಸರಿಯಿತು. ಸುತ್ತುವರಿದು ಹಿಡಿದೆವು, ಎಣ್ಣೆಯೂ ಮೂಗಿಗೆ ಬಡಿಯಿತು. ನೋಡಿದರೆ ಅವರು ಬಿನ್ನಿ ಮಿಲ್ಲಿನ ಪಾಳಿ ಮುಗಿಸಿ ಬರುತ್ತಿದ್ದ ಐದನೇ ಮನೆಯವರು. ಎಣ್ಣೆ ಯಂತ್ರದ್ದು. ಮರುದಿನ ಅವರ ಹೆಂಡತಿ ನಲ್ಲಿಯ ಬಳಿ ನನಗೆ ಒನಕೆ ಓಬವ್ವ ಎಂದು ಹೆಸರಿಟ್ಟರು. ಮದುವೆಯಾಗುವ ತನಕ ಅದು ನನ್ನನ್ನು ಬಿಡಲಿಲ್ಲ.

ಇದನ್ನು ನಗುತ್ತಾ ಹೇಳಬಹುದು. ಇನ್ನೊಂದನ್ನು ಹಾಗೆ ಹೇಳಲಾಗದು. ಮೊರ, ಕುಕ್ಕೆ ಮಾರಲು ಹೆಂಗಸರು ಬರುತ್ತಿದ್ದರು, ಹಸಿ ಬಿದಿರಿನ ವಾಸನೆ ಅವರಿಗಿಂತ ಮುಂಚೆ ಬರುತ್ತಿತ್ತು. ವಠಾರದವರು ಅವರಿಂದ ಮೊರ ಕೊಂಡ ಮೇಲೆ ಒಳಗೆ ಹೋಗಿ ಚಮಚ ಎಣಿಸುತ್ತಿದ್ದರು. ಬ್ರಿಟಿಷರ ಕಾನೂನು ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತ್ತು. 1952ರಲ್ಲಿ ಅದು ರದ್ದಾಗಿದ್ದರೂ ವಠಾರದ ಪಟ್ಟಿ ಹಾಗೆಯೇ ಇತ್ತು. ಹಂಡೆ ಹೋದಾಗ ಎಲ್ಲರ ಬಾಯಲ್ಲೂ ಮೊದಲು ಬಂದಿದ್ದು ಅವರೇ. ಕದ್ದವನು ಪಕ್ಕದ ಬೀದಿಯ ಗುಮಾಸ್ತರ ಮಗನೆಂದು ತಿಳಿದ ಮೇಲೆ "ಪಾಪ, ಸಹವಾಸ ದೋಷ" ಎಂದರು. ಅಜ್ಜಿಯ "ಯಾರ ಪೈಕಿ" ಎಂಬ ಪ್ರಶ್ನೆಗೆ ಇಂಥ ಬಳಕೆಯೂ ಇತ್ತು.

ಬಾಗಿಲಿಗೆ ಬಂದು ನೀರು ಕೇಳಿದವರಿಗೆ ಮಾತ್ರ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಹಿತ್ತಾಳೆ ತಂಬಿಗೆಯಲ್ಲಿ ನೀರು, ಅಂಗೈಗೆ ಒಂದು ಚೂರು ಬೆಲ್ಲ. ಈ ಪದ್ಧತಿ 1990ರ ದಶಕದ ಕೊನೆಗೆ ನಿಂತಿತು. ದಂಡುಪಾಳ್ಯದ ಗ್ಯಾಂಗಿನವರು ನೀರು ಕೇಳುವ ನೆಪದಲ್ಲಿ ಬಾಗಿಲು ತೆಗೆಸಿ ಕೊಲ್ಲುತ್ತಾರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ನಮ್ಮ ಬೀದಿಯ ಪ್ರತಿ ಬಾಗಿಲಿಗೂ ಕಬ್ಬಿಣದ ಗ್ರಿಲ್ಲು ಬಂತು. ವೆಲ್ಡಿಂಗ್ ಅಂಗಡಿಯವರಿಗೆ ಊಟಕ್ಕೂ ಪುರಸೊತ್ತಿರಲಿಲ್ಲ. ಅದೇ ದಶಕದಲ್ಲಿ ದೆವ್ವವನ್ನು ಓಡಿಸಲು ಬಾಗಿಲ ಮೇಲೆ "ನಾಳೆ ಬಾ" ಎಂದು ಸುಣ್ಣದಲ್ಲಿ ಬರೆದ ಜನ ನಾವು. ದೆವ್ವಕ್ಕೆ ಸುಣ್ಣ ಸಾಕಾಯಿತು, ಮನುಷ್ಯರಿಗೆ ಗ್ರಿಲ್ಲು ಬೇಕಾಯಿತು.

ವಠಾರ ಕೆಡವಿ ಅಲ್ಲಿ ವಾಣಿಜ್ಯ ಮಳಿಗೆ ಎದ್ದಿತು. ನಾನೀಗ ಮಗನ ಜೊತೆ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿದ್ದೇನೆ. ಗೇಟಿನಲ್ಲಿ ಕಾವಲುಗಾರರು, ಲಿಫ್ಟಿನಲ್ಲಿ ಕ್ಯಾಮೆರಾ. ತರಕಾರಿಯವನು ಬಂದರೆ ಫೋನು ಕುಂಯ್ ಅನ್ನುತ್ತದೆ, ಒತ್ತಿದರೆ ಒಳಗೆ ಬಿಡುತ್ತಾರೆ. ಅಜ್ಜಿಯ ಮೂರು ಪ್ರಶ್ನೆಗಳಲ್ಲಿ ಮೊದಲನೆಯದನ್ನು ಮಾತ್ರ ಈ ಫೋನು ಕೇಳುತ್ತದೆ, ಅದು ಒಳ್ಳೆಯದೇ. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಿಂದ ಜನ ಸೇರುವ ಅಂಗಡಿ, ಛತ್ರಗಳೂ ಕ್ಯಾಮೆರಾ ಹಾಕಬೇಕು. ಆಪತ್ತಿಗೆ 112 ಒತ್ತಿದರೆ ಹೊಯ್ಸಳ ಗಾಡಿ ಬರುತ್ತದೆ. ಬೀಟ್ ಪುಸ್ತಕದ ಜಾಗಕ್ಕೆ ಇ-ಬೀಟ್ ಬಂದಿದೆ, ಮಳೆ ರಾತ್ರಿಯ ರುಜುವಿನ ಆಟ ಅದರಲ್ಲಿ ನಡೆಯುವುದು ಕಷ್ಟ. ಒಂದು ಮಗ್ಗುಲು ಮಡಚಿದ ಹ್ಯಾಟು ಹೋಗಿ 2025ರಲ್ಲಿ ಪೇದೆಗಳ ತಲೆಗೆ ಪೀಕ್ ಕ್ಯಾಪೂ ಬಂತು. ಊರಿಗೆ ಹೋಗುವವರು ಠಾಣೆಗೆ ತಿಳಿಸಿ ಹೋಗಿ ಎನ್ನುತ್ತಾರೆ ಪೊಲೀಸರು. ಮಗ ತಪ್ಪದೆ ತಿಳಿಸುತ್ತಾನೆ. ಎದುರು ಮನೆಯವರಿಗೆ ತಿಳಿಸುವುದಿಲ್ಲ, ಅವರ ಹೆಸರು ಅವನಿಗೆ ಗೊತ್ತಿಲ್ಲ.

ಹೋದ ವರ್ಷ ನಾಲ್ಕನೇ ಮಹಡಿಯ ನಿವೃತ್ತರೊಬ್ಬರಿಗೆ ವಿಡಿಯೋ ಕರೆ ಬಂತು. ಖಾಕಿ ತೊಟ್ಟವನೊಬ್ಬ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕೋಣೆ ಬಿಟ್ಟು ಕದಲಬೇಡಿ ಎಂದ. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ, ಆದರೆ ಹೆದರಿದವರಿಗೆ ಅದು ಹೊಳೆಯಬೇಕಲ್ಲ. ಗೇಟು, ಕ್ಯಾಮೆರಾ, ಕಾವಲುಗಾರರೆಲ್ಲ ನೆಟ್ಟಗೇ ಇದ್ದರು. ಕಳ್ಳ ಆ ದಾರಿಯಲ್ಲಿ ಬಂದಿರಲಿಲ್ಲ ಅಷ್ಟೆ. ಮಧ್ಯಾಹ್ನ ಅಡುಗೆಯಾಕೆ ಬಂದು ಗಂಟೆ ಒತ್ತಿದಳು. "ಇವತ್ತು ಬೇಡ, ಹೋಗು" ಎಂದರಂತೆ ಒಳಗಿನಿಂದ. "ನಿನ್ನೆ ತಂದ ಬದನೆಕಾಯಿ ಇವತ್ತು ಮಾಡಲೇಬೇಕು, ಹೇಗೆ ಬೇಡ ಅಂತಾರೆ?" ಎಂದು ಆಕೆಗೆ ಅನುಮಾನ ಹತ್ತಿತು. ಅಕ್ಕಪಕ್ಕದ ಮನೆಗಳ ಕೆಲಸದವರನ್ನೆಲ್ಲ ಕರೆದಳು. ಐದಾರು ಮಂದಿ ಸೇರಿ ಬಾಗಿಲು ಬಡಿದು ಎಬ್ಬಿಸಿದ ಗಲಾಟೆಗೆ ಫೋನಿನ ಖಾಕಿಯವನೇ ಕರೆ ಕಡಿದ. ಕೂಡಲೇ 1930ಕ್ಕೆ ದೂರು ಕೊಟ್ಟದ್ದರಿಂದ ಕಳಿಸಿದ್ದ ಹಣದಲ್ಲಿ ಒಂದಿಷ್ಟು ತಡೆಹಿಡಿಯಲು ಆಯಿತು.

ಆ ವಾರ ಲಿಫ್ಟಿನ ಪಕ್ಕ ನಿವಾಸಿಗಳ ಸಂಘದ ನೋಟೀಸು ಬಿತ್ತು: ಮನೆಗೆಲಸದವರು ಮಹಡಿಗಳಲ್ಲಿ ಗುಂಪು ಸೇರತಕ್ಕದ್ದಲ್ಲ. ನಾಲ್ಕನೇ ಮಹಡಿಯವರು ಅದನ್ನು ಓದಿ, ಕಿತ್ತು ಜೇಬಿಗಿಟ್ಟುಕೊಂಡು ಮೇಲೆ ಹೋದರು. ಕ್ಯಾಮೆರಾದಲ್ಲಿ ಅದು ಸ್ಪಷ್ಟವಾಗಿ ಬಂದಿದೆಯಂತೆ.